ಬ್ರೇಕ್ ಪೆಡಲ್ ಇದ್ದಕ್ಕಿದ್ದಂತೆ ಗಟ್ಟಿಯಾಗುತ್ತದೆ, ಸ್ಕ್ಯಾನರ್‌ನಲ್ಲಿ ಏನೂ ಇಲ್ಲ ಅಂತಾರೆ

ಅತ್ತಿಗುಪ್ಪೆಯವಳು:
ಎಲ್ಲರಿಗೂ ನಮಸ್ಕಾರ. ನಮ್ಮದು ಪೆಟ್ರೋಲ್ ಟರ್ಬೊ ಆಟೋಮ್ಯಾಟಿಕ್ ಎಸ್‌ಯುವಿ. ಕಂಪನಿ ಹೆಸರು ಬೇಡ. ಹಾಕಿದರೆ ಇಲ್ಲಿ ಫ್ಯಾನ್‌ಗಳ ಜಗಳ ಶುರುವಾಗುತ್ತದೆ, ನನ್ನ ಬ್ರೇಕ್ ಹಾಗೇ ಉಳಿಯುತ್ತದೆ. ವಾರಂಟಿ ಇನ್ನೂ ಇದೆ.

ಬೆಳಿಗ್ಗೆ ನಾಯಂಡಹಳ್ಳಿಯಿಂದ ರಿಂಗ್ ರೋಡ್ ಹಿಡಿದು ಸಿಲ್ಕ್ ಬೋರ್ಡ್ ಕಡೆ ಹೋಗುತ್ತೇನೆ. ಗಾಡಿ ತೆವಳುತ್ತಾ ಇರುವಾಗ ಮೇಲಿಂದ ಮೇಲೆ ಬ್ರೇಕ್ ಹಾಕುತ್ತಲೇ ಇರಬೇಕು, ಗೊತ್ತಲ್ವಾ? ಆಗ ಒಂದೊಂದು ಸಲ ಪೆಡಲ್ ಗಟ್ಟಿಯಾಗಿಬಿಡುತ್ತದೆ. ಕಾಲು ಅರ್ಧಕ್ಕೇ ನಿಲ್ಲುತ್ತದೆ. ಬ್ರೇಕ್ ಹಿಡಿಯುತ್ತದೆ, ಆದರೆ ಸೀಟಿಗೆ ಬೆನ್ನು ಕೊಟ್ಟು ತುಳಿಯಬೇಕು. ಕಳೆದ ವಾರ ಬನಶಂಕರಿ ಹತ್ತಿರ ಬಿಎಂಟಿಸಿ ಬಸ್ಸಿನ ಹಿಂದಿನ ಜಾಹೀರಾತಿನಲ್ಲಿದ್ದ ಸಣ್ಣಕ್ಷರವನ್ನೂ ಓದುವಷ್ಟು ಹತ್ತಿರ ಹೋಗಿ ನಿಂತೆ.

ಸರ್ವಿಸ್ ಸೆಂಟರ್‌ನಲ್ಲಿ ಗಾಡಿಯ ಕಂಪ್ಯೂಟರ್ ದಾಖಲಿಸಿದ ದೋಷದ ಕೋಡ್ ಓದುವ ಸ್ಕ್ಯಾನರ್ ಹಾಕಿ, "ಕೋಡ್ ಏನೂ ಬಂದಿಲ್ಲ ಮೇಡಂ, ಈ ಮಾಡೆಲ್‌ನ ಪೆಡಲ್ ಫೀಲೇ ಹಾಗೆ" ಅಂದರು. ಬ್ರೇಕ್ ಕ್ಲೀನಿಂಗ್ ಅಂತ ಬಿಲ್ ಮಾತ್ರ ಬಂತು. ಹೊಸದರಲ್ಲಿ ಹೀಗಿರಲಿಲ್ಲ. ನಮ್ಮಪ್ಪ ಅಂಬಾಸಿಡರ್ ಓಡಿಸಿದವರು, "ಬ್ರೇಕ್ ಅಂದ್ರೆ ಗಟ್ಟಿಯಾಗೇ ಇರ್ಬೇಕು" ಅಂತಾರೆ. ಅವರನ್ನು ಬಿಡಿ. ಬೇರೆ ಯಾರಿಗಾದರೂ ಹೀಗಾಗಿದೆಯಾ?

ಹಂಪ್ ಪುರಾಣ:
ಮೇಡಂ, ಹೊಂಡ ಅಥವಾ ಹಂಪ್ ಮೇಲೆ ಆಗುತ್ತದೆಯಾ ನೋಡಿ. ಬ್ರೇಕ್ ಒತ್ತಿರುವಾಗ ಒಂದು ಚಕ್ರ ನೆಲ ಬಿಟ್ಟರೆ ಅದು ಲಾಕ್ ಆಗುತ್ತಿದೆ ಅಂತ ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಅಂದುಕೊಳ್ಳುತ್ತದೆ. ಪ್ರೆಷರ್ ಬಿಡುತ್ತದೆ. ಒಂದು ಕ್ಷಣ ಗಾಡಿ ಮುಂದೆ ಜಾರಿದಂತೆ ಅನ್ನಿಸುತ್ತದೆ. ನಮ್ಮೂರ ರಸ್ತೆಗೆ ಇದು ದಿನದ ಕಥೆ.

ಅತ್ತಿಗುಪ್ಪೆಯವಳು:
ಇಲ್ಲ ಸರ್, ಸಮತಟ್ಟಾದ ರಸ್ತೆಯಲ್ಲೇ ಆಗುತ್ತದೆ. ಎಬಿಎಸ್ ಬಂದಾಗ ಕಾಲಿಗೆ ಗರ್ ಅಂತ ಅದುರುತ್ತದಲ್ಲ, ಅದು ಇರಲ್ಲ.

ಗ್ಯಾರೇಜ್ ಮಾವ:
ಎಬಿಎಸ್ ಅಲ್ಲ ಬಿಡಮ್ಮ. ಬ್ರೇಕ್ ಸರಿ ಇಲ್ಲ ಅಂತಷ್ಟೇ ಹೇಳಿದರೆ ಯಾವ ಮೆಕ್ಯಾನಿಕ್‌ಗೂ ತಲೆಬುಡ ಗೊತ್ತಾಗಲ್ಲ. ನೀನು ಗಟ್ಟಿ ಅಂತ ಬರೆದಿದ್ದೀಯ, ಅರ್ಧ ಕೆಲಸ ಆಯ್ತು. ಪೆಡಲ್ ಮೆತ್ತಗಾಗಿ ಒಳಗೆ ಹೋದರೆ ಬ್ರೇಕ್ ಆಯಿಲ್‌ನಲ್ಲಿ ಗಾಳಿಯೋ ನೀರೋ ಸೇರಿದೆ. ಡಾಟ್ 4 ದರ್ಜೆಯ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯಲ್ಲ. ನೀರು ಹೀರಿಕೊಂಡರೆ 155ಕ್ಕೇ ಕುದಿದು ಆವಿಯಾಗಬಹುದು, ಆಗ ಪೆಡಲ್ ಒಳಗೆ ಹೋಗುತ್ತದೆ. ನಂದಿ ಬೆಟ್ಟ ಇಳಿಯುವಾಗ ಉದ್ದಕ್ಕೂ ಬ್ರೇಕ್ ತುಳಿದುಕೊಂಡು ಬರುವವರ ಗೋಳು ಇದೇ. ನಿನ್ನದು ಅದಲ್ಲ.

ಬಾನೆಟ್ ಎತ್ತಿದರೆ ಡ್ರೈವರ್ ಮುಂದೆ ಅಗಲವಾದ ಕರಿ ಡಬ್ಬಿ ಕಾಣುತ್ತದೆ. ಅದು ಬೂಸ್ಟರ್. ಅದರೊಳಗಿನ ಗಾಳಿ ಹೀರಿ ತೆಗೆದಾಗ ಉಂಟಾಗುವ ವ್ಯಾಕ್ಯೂಮ್‌ನಿಂದಲೇ ನಿನ್ನ ಕಾಲಿಗೆ ಬಲ. ಟರ್ಬೊ ಎಂಜಿನ್ ತಾನಾಗಿ ಕೊಡುವ ವ್ಯಾಕ್ಯೂಮ್ ಯಾವಾಗಲೂ ಸಾಲಲ್ಲ, ಅದಕ್ಕೆ ಬೇರೆ ಪಂಪ್ ಇಡುತ್ತಾರೆ. ಪಂಪ್ ಸೊರಗಿದರೆ, ಪೈಪ್ ಬಿರುಕು ಬಿಟ್ಟರೆ, ಒನ್‌ವೇ ವಾಲ್ವ್ ಲೀಕ್ ಆದರೆ, ಮೇಲಿಂದ ಮೇಲೆ ತುಳಿದಾಗ ಒಳಗಿದ್ದ ವ್ಯಾಕ್ಯೂಮ್ ಮುಗಿದು ಪೆಡಲ್ ಗಟ್ಟಿಯಾಗುತ್ತದೆ. ಪೈಪಿನ ಬಿರುಕು ಸ್ಕ್ಯಾನರ್‌ಗೆ ಕಾಣಲೇಬೇಕು ಅಂತೇನಿಲ್ಲ.

ಮನೆಯಲ್ಲೇ ನೋಡು. ಎಂಜಿನ್ ಆಫ್ ಮಾಡಿ ಪೆಡಲ್ ಗಟ್ಟಿಯಾಗುವವರೆಗೆ ಮೇಲಿಂದ ಮೇಲೆ ಒತ್ತು. ಕಾಲು ಒತ್ತಿಟ್ಟುಕೊಂಡೇ ಸ್ಟಾರ್ಟ್ ಮಾಡು. ಪೆಡಲ್ ಸ್ವಲ್ಪ ಕೆಳಗೆ ಇಳಿಯಬೇಕು. ಇಳಿಯದಿದ್ದರೆ ಗಾಡಿ ಓಡಿಸಬೇಡ. ಎಲೆಕ್ಟ್ರಿಕ್ ಬೂಸ್ಟರ್ ಇರುವ ಗಾಡಿಗೆ ಈ ಪರೀಕ್ಷೆ ಲೆಕ್ಕಕ್ಕಿಲ್ಲ.

ರಸ್ತೆಯಲ್ಲೇ ಕೈಕೊಟ್ಟರೆ ಪೆಡಲ್ ಮೇಲಿಂದ ಮೇಲೆ ಒತ್ತಬೇಡ, ಉಳಿದ ವ್ಯಾಕ್ಯೂಮೂ ಹೋಗುತ್ತದೆ. ಒಂದೇ ಸಲ ಎರಡೂ ಕಾಲಲ್ಲಿ ಬಲವಾಗಿ ತುಳಿ. ಎಲೆಕ್ಟ್ರಾನಿಕ್ ಪಾರ್ಕಿಂಗ್ ಬ್ರೇಕ್ ಇರುವ ಬಹಳಷ್ಟು ಗಾಡಿಗಳಲ್ಲಿ ಆ ಸ್ವಿಚ್ ಎಳೆದು ಹಿಡಿದರೂ ನಿಲ್ಲುತ್ತದೆ. ಮ್ಯಾನ್ಯುಯಲ್ ಬುಕ್ ತೆಗೆದು ಆ ಪುಟ ಓದು. ಯಾರೂ ಓದಲ್ಲ.

ಅತ್ತಿಗುಪ್ಪೆಯವಳು:
ಮಾವ, ಈಗ ನೋಡಿ ಬಂದೆ. ಸ್ಟಾರ್ಟ್ ಮಾಡಿದೆ, ಕಾಲಿನ ಕೆಳಗೆ ಏನೂ ಆಗಲಿಲ್ಲ. ಕೊಂಚ ಕಾದ ಮೇಲೆ ನಿಧಾನಕ್ಕೆ ಇಳಿಯಿತು. ಪಕ್ಕದ ಮನೆಯವರ ಗಾಡಿಯಲ್ಲಿ ಕೀಲಿ ತಿರುಗಿಸಿದ ತಕ್ಷಣ ಇಳಿಯಿತು. ವಿಡಿಯೋ ಮಾಡಿದ್ದೇನೆ. ಅಪ್ಪನೂ ಸುಮ್ನಾದರು.

ಕಾಗದ ಪತ್ರ:
ವಿಡಿಯೋ ಒಳ್ಳೆಯದಾಯಿತು. ಗಾಡಿಯನ್ನು ಟೋ ಮಾಡಿಸಿ ಕಳಿಸಿ. ಅವರು ಕೆಲಸ ಬರೆದುಕೊಳ್ಳುವ ಜಾಬ್ ಕಾರ್ಡ್‌ನಲ್ಲಿ "ಬ್ರೇಕ್ ಜನರಲ್ ಚೆಕ್" ಅಂತ ಬರೆಯಲು ಬಿಡಬೇಡಿ. "ಪೆಡಲ್ ಗಟ್ಟಿಯಾಗುತ್ತದೆ, ಬೂಸ್ಟರ್ ವ್ಯಾಕ್ಯೂಮ್ ಅಳೆಯಬೇಕು" ಅಂತ ನಿಮ್ಮ ಮಾತಲ್ಲೇ ಬರೆಸಿ, ಪ್ರತಿ ಇಟ್ಟುಕೊಳ್ಳಿ. ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿಯಲ್ಲಿ 110ಎ ಸೆಕ್ಷನ್ ಸೇರಿದೆ. ದೋಷವಿರುವ ಗಾಡಿ ವಾಪಸ್ ಕರೆಸಿ ಅಂತ ಕೇಂದ್ರ ಸರ್ಕಾರ ಕಂಪನಿಗೆ ಆದೇಶ ಕೊಡಬಹುದು. ಮಾಲೀಕರ ದೂರಿನ ಮೇಲೆ ಆಗಬೇಕಾದರೆ ಸರ್ಕಾರ ಗೊತ್ತು ಮಾಡಿದಷ್ಟು ಪ್ರಮಾಣದ ಜನ ದೂರಬೇಕು; ಪರೀಕ್ಷಾ ಸಂಸ್ಥೆಯಿಂದಲೋ ಬೇರೆ ಮೂಲದಿಂದಲೋ ವರದಿ ಬಂದರೂ ಆಗುತ್ತದೆ. ಆನ್‌ಲೈನ್‌ನಲ್ಲಿ ಬೈದು ಸುಮ್ನಾಗುವವರೇ ಜಾಸ್ತಿ. ಗ್ರಾಹಕ ಸಹಾಯವಾಣಿ 1915ಕ್ಕೂ ಹೇಳಿ.

ಅತ್ತಿಗುಪ್ಪೆಯವಳು:
ಹಾಗೇ ಬರೆಸಿದೆ. ಗೇಜ್ ಹಾಕಿ ನೋಡಿದರು, ವ್ಯಾಕ್ಯೂಮ್ ಪಂಪ್ ಹೋಗಿದೆಯಂತೆ. ವಾರಂಟಿಯಲ್ಲೇ ಬದಲಿಸುತ್ತಾರೆ, ಪಾರ್ಟ್ ಇನ್ನೂ ಬಂದಿಲ್ಲ. ಅಲ್ಲಿಯವರೆಗೆ ಮೆಟ್ರೋ: ಮೆಜೆಸ್ಟಿಕ್‌ನಲ್ಲಿ ಒಮ್ಮೆ, ಆರ್‌.ವಿ. ರೋಡ್‌ನಲ್ಲಿ ಇನ್ನೊಮ್ಮೆ ಇಳಿದು ಹತ್ತಬೇಕು. ಬದಲಿ ಗಾಡಿ ಕೊಡಿ ಅಂತ ಕೇಳಬಹುದಾ?

ಕಾಗದ ಪತ್ರ:
ಕೇಳಿ. ಫೋನಲ್ಲಿ ಬೇಡ, ಇಮೇಲ್‌ನಲ್ಲಿ. ಪಾರ್ಟ್ ಬರುವ ತಾರೀಕನ್ನೂ ಅದರಲ್ಲೇ ಕೇಳಿ.