ಸಹಾಯ ಬೇಕು: ಹಳೆಯ ತಂಬಾಕು ಬ್ಯಾರನ್ ಅನ್ನು ವಾಸದ ಮನೆಯಾಗಿಸುವ ಬಗ್ಗೆ

ಎಲ್ಲರಿಗೂ ನಮಸ್ಕಾರ. ಹುಣಸೂರು ತಾಲ್ಲೂಕಿನ ನಮ್ಮ ಜಮೀನಿನಲ್ಲಿ ತಂದೆಯವರು ಕಟ್ಟಿಸಿದ್ದ ತಂಬಾಕು ಬ್ಯಾರನ್ (ಎಲೆ ಒಣಗಿಸಿ ಹದಗೊಳಿಸುವ ಎತ್ತರದ ಕಟ್ಟಡ) ಒಂದಿದ್ದು, ನಾವು ಹೊಗೆಸೊಪ್ಪು ಬಿಟ್ಟು ರಾಗಿ, ಜೋಳಕ್ಕೆ ಹೊರಳಿದ ಮೇಲೆ ಖಾಲಿ ಬಿದ್ದಿದೆ. ಗೋಡೆಗಳು ಗಟ್ಟಿಯಾಗಿರುವುದರಿಂದ ಕೆಡವಲು ಮನಸ್ಸಿಲ್ಲ. ಕಿಟಕಿ ಇಡಿಸಿ, ನಡುವೆ ಅಟ್ಟ ಹಾಕಿಸಿ, ಪಕ್ಕದಲ್ಲಿ ಅಡುಗೆಮನೆ, ಬಚ್ಚಲು ಸೇರಿಸಿ ಅಲ್ಲಿಯೇ ವಾಸಿಸಬೇಕೆಂದಿದ್ದೇವೆ.

ತೊಡಕಿರುವುದು ಕಾಗದಪತ್ರದಲ್ಲಿ. ಜಮೀನು ಪಹಣಿಯಲ್ಲಿ ಖುಷ್ಕಿ (ಮಳೆಯಾಶ್ರಿತ), ಗ್ರಾಮಠಾಣೆಯ, ಅಂದರೆ ಊರಿನ ವಸತಿ ಜಾಗದ, ಹೊರಗಿದೆ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 95ನೇ ಕಲಮಿನಂತೆ ರೈತ ತನ್ನ ಜಮೀನಿನಲ್ಲಿ ಕೃಷಿ ಸಂಬಂಧಿ ಕಟ್ಟಡ ಕಟ್ಟಿಕೊಳ್ಳಬಹುದು; ಕೃಷಿಯೇತರ ಬಳಕೆಗೆ ಭೂಪರಿವರ್ತನೆಯ ಆದೇಶ ಬೇಕು. ಹಾಗಾದರೆ, ಬೇಸಾಯ ಮುಂದುವರಿಸಿಕೊಂಡೇ ನಾವು ವಾಸಿಸುವ ಈ ಕಟ್ಟಡವನ್ನು ತೋಟದ ಮನೆಯೆಂದು ಪರಿಗಣಿಸುತ್ತಾರೆಯೇ, ಅಥವಾ ಅದು ನಿಂತಿರುವಷ್ಟು ಗುಂಟೆಗೆ ಮಾತ್ರ 11ಇ ನಕ್ಷೆ (ಸರ್ವೆ ನಂಬರಿನ ಒಂದು ಭಾಗವನ್ನು ಅಳೆದು ತೋರಿಸುವ ನಕ್ಷೆ) ಮಾಡಿಸಿ ಪರಿವರ್ತಿಸಿಕೊಳ್ಳುವುದು ಲೇಸೇ? ಮುಂದೆ ಗೃಹಸಾಲ ಕೇಳಿದರೆ ಬ್ಯಾಂಕಿನವರು ಇ-ಸ್ವತ್ತಿನ ನಮೂನೆ 9 (ಕೃಷಿಯೇತರ ಆಸ್ತಿಗೆ ಗ್ರಾಮ ಪಂಚಾಯಿತಿ ಕೊಡುವ ದಾಖಲೆ) ಕೇಳದೆ ಇರಲಾರರು ಎಂಬುದರಿಂದ ಎರಡನೆಯ ದಾರಿಯತ್ತಲೇ ನನ್ನ ಒಲವಿದೆ.

ತಂಬಾಕು ಮಂಡಳಿಯ ಬ್ಯಾರನ್ ಪರವಾನಗಿ ಇನ್ನೂ ತಂದೆಯವರ ಹೆಸರಿನಲ್ಲಿದೆ. ಅದನ್ನು ಮೊದಲು ರದ್ದುಪಡಿಸಬೇಕೇ? ಪಿರಿಯಾಪಟ್ಟಣ, ಹುಣಸೂರು ಕಡೆ ಹೀಗೆ ಬ್ಯಾರನ್ ಬದಲಾಯಿಸಿಕೊಂಡವರು ಅರ್ಜಿಯ ಕ್ರಮವನ್ನು ದಯವಿಟ್ಟು ತಿಳಿಸಬೇಕು. ಮಧ್ಯವರ್ತಿಗಳ ವಿಳಾಸ ಮಾತ್ರ ಬೇಡ, ಅವರು ಈಗಾಗಲೇ ಬೇಕಾದಷ್ಟು ಮಂದಿ ಸಿಕ್ಕಿದ್ದಾರೆ.