ಹರ್‌2 ವರದಿಯಲ್ಲಿ ‘2 ಪ್ಲಸ್’ ಬಂದಿದೆ: ಫಿಶ್ ಪರೀಕ್ಷೆ ಮಾಡಿಸಿದವರ ಅನುಭವ ಬೇಕು

ಮಂಡ್ಯದಿಂದ, ಪ್ರಶ್ನೆ: ಅಮ್ಮನ ಸ್ತನದ ಗಡ್ಡೆಯ ಬಯಾಪ್ಸಿ ವರದಿಯಲ್ಲಿ ಹರ್‌2 (ಗಡ್ಡೆಯ ಕೋಶಗಳ ಮೇಲಿರುವ ಒಂದು ಪ್ರೋಟೀನ್) ಎದುರಿಗೆ ‘2 ಪ್ಲಸ್, ಅನಿಶ್ಚಿತ’ ಎಂದು ಬರೆದು, ಫಿಶ್ ಎಂಬ ಜೀನ್ ಪರೀಕ್ಷೆ ಮಾಡಿಸಲು ಸೂಚಿಸಿದ್ದಾರೆ. ಖರ್ಚು ಹೆಚ್ಚೆಂದು ಕೇಳಿದೆವು. ಅದು ಬೇಕೇ ಬೇಕೇ? ಮತ್ತೊಮ್ಮೆ ಬಯಾಪ್ಸಿ ಮಾಡಿಸಬೇಕೇ?

ಮೈಸೂರಿನ ಕುವೆಂಪುನಗರದಿಂದ: ಸಾಮಾನ್ಯವಾಗಿ ಮತ್ತೊಮ್ಮೆ ಬಯಾಪ್ಸಿ ಬೇಕಾಗುವುದಿಲ್ಲ. ತೆಗೆದ ತುಣುಕನ್ನು ಮೇಣದಲ್ಲಿ ಹುದುಗಿಸಿಟ್ಟ ಬ್ಲಾಕ್ ಪೆಥಾಲಜಿ ವಿಭಾಗದಲ್ಲೇ ಇರುತ್ತದೆ. ಅರ್ಜಿ ಕೊಟ್ಟು, ಸಹಿ ಹಾಕಿ ಪಡೆಯಬಹುದು. ನನ್ನ ಅಕ್ಕನಿಗೂ ಇದೇ ವರದಿ ಬಂದಿತ್ತು. ನಾವು ಬ್ಲಾಕನ್ನು ಮೈಸೂರಿನ ಸಂಗ್ರಹ ಕೇಂದ್ರದಲ್ಲಿ ಕೊಟ್ಟೆವು, ಪರೀಕ್ಷೆ ನಡೆದದ್ದು ಬೆಂಗಳೂರಿನಲ್ಲಿ. ಬ್ಲಾಕಿನ ಮೇಲಿನ ಸಂಖ್ಯೆಯೂ ವರದಿಯ ಸಂಖ್ಯೆಯೂ ಒಂದೇ ಇವೆಯೇ ಎಂದು ಅಲ್ಲೇ ನಿಂತು ನೋಡಿಕೊಳ್ಳಿ. ಮೊದಲ ವರದಿಯ ಪ್ರತಿಯ ಜೊತೆಗೆ ಬಣ್ಣ ಹಾಕಿದ ಹಳೆಯ ಸ್ಲೈಡುಗಳನ್ನೂ ಕಳುಹಿಸಿದರೆ, ಗಡ್ಡೆಯ ಯಾವ ಭಾಗ ಸುತ್ತಲಿನ ಅಂಗಾಂಶಕ್ಕೆ ಹರಡಿದೆ ಎಂದು ಗುರುತಿಸಿ ಅಲ್ಲಿಯೇ ಎಣಿಸಲು ಅವರಿಗೆ ಅನುಕೂಲವಾಗುತ್ತದೆ. ಬೇಸಿಗೆಯಲ್ಲಿ ಬ್ಲಾಕನ್ನು ಕಾರಿನಲ್ಲೇ ಬಿಟ್ಟು ಹೋಗಬೇಡಿ. ಎಷ್ಟಾದರೂ ಅದು ಮೇಣ. ಉಳಿದ ಬ್ಲಾಕನ್ನು ಮರಳಿ ಕೇಳಿ ಪಡೆಯಿರಿ, ಮುಂದೆ ಬೇರೆ ಪರೀಕ್ಷೆಗೂ ಅದೇ ಬೇಕಾಗಬಹುದು.

ಮೈಸೂರಿನಿಂದ, ಪೆಥಾಲಜಿ ಪ್ರಯೋಗಾಲಯದಲ್ಲಿ ಕೆಲಸ ಮಾಡಿದವರು: ಫಿಶ್ ಬೇಕೇ ಬೇಕು, ಏಕೆಂದರೆ 2 ಪ್ಲಸ್ ಎಂಬುದು ಇನ್ನೂ ಉತ್ತರವಲ್ಲ. ಮೊದಲು ಮಾಡಿರುವ ಇಮ್ಯುನೊಹಿಸ್ಟೊಕೆಮಿಸ್ಟ್ರಿಯು ಜೀವಕೋಶದ ಪೊರೆಯ ಮೇಲೆ ಹರ್‌2 ಪ್ರೋಟೀನ್ ಎಷ್ಟಿದೆಯೆಂದು ಬಣ್ಣದಿಂದ ಅಳೆಯುತ್ತದೆ. ಗಡ್ಡೆಯ ಶೇ. 10ಕ್ಕಿಂತ ಹೆಚ್ಚು ಕೋಶಗಳ ಪೊರೆಯ ಸುತ್ತಲೂ ಗಾಢವಾದ ಬಣ್ಣ ಕಂಡರೆ 3 ಪ್ಲಸ್, ಅಂದರೆ ಪಾಸಿಟಿವ್. 0 ಅಥವಾ 1 ಪ್ಲಸ್ ಆದರೆ ನೆಗೆಟಿವ್. ನಡುವಿನ 2 ಪ್ಲಸ್‌ನಲ್ಲಿ ಪ್ರೋಟೀನನ್ನು ಬಿಟ್ಟು, ಅದನ್ನು ತಯಾರಿಸುವ ಜೀನನ್ನೇ ನೋಡಬೇಕಾಗುತ್ತದೆ. ಈ ಜೀನ್ ಇರುವುದು 17ನೇ ವರ್ಣತಂತುವಿನಲ್ಲಿ. ಫಿಶ್‌ನಲ್ಲಿ ಜೀನಿಗೆ ಒಂದು ಬಣ್ಣದ, ಆ ವರ್ಣತಂತುವಿನ ನಡುಭಾಗಕ್ಕೆ ಮತ್ತೊಂದು ಬಣ್ಣದ ಹೊಳೆಯುವ ಚುಕ್ಕೆ ಅಂಟುವಂತೆ ಮಾಡಿ, ಕನಿಷ್ಠ 20 ಕೋಶಗಳಲ್ಲಿ ಎರಡನ್ನೂ ಎಣಿಸುತ್ತಾರೆ. ಅನುಪಾತ 2.0 ಅಥವಾ ಹೆಚ್ಚಿದ್ದು, ಕೋಶವೊಂದಕ್ಕೆ ಜೀನಿನ ಸರಾಸರಿ ಪ್ರತಿಗಳು 4.0 ಅಥವಾ ಹೆಚ್ಚಿದ್ದರೆ ಪಾಸಿಟಿವ್. ಒಂದು ಸಂಖ್ಯೆ ಹೆಚ್ಚಿದ್ದು ಇನ್ನೊಂದು ಕಡಿಮೆಯಿರುವ ವರದಿಗಳೂ ಬರುತ್ತವೆ. ಆಗ ಎರಡು ಪರೀಕ್ಷೆಗಳನ್ನೂ ಜೊತೆಗಿಟ್ಟು ತೀರ್ಮಾನಿಸಬೇಕು. ಆದ್ದರಿಂದ ವರದಿಯಲ್ಲಿ ಬರೀ ‘ಪಾಸಿಟಿವ್’ ಅಥವಾ ‘ನೆಗೆಟಿವ್’ ಸಾಲದು, ಎರಡೂ ಸಂಖ್ಯೆಗಳು ಇರಬೇಕೆಂದು ಕೇಳಿ.

ನನ್ನ ಮಟ್ಟಿಗೆ ಯಂತ್ರಕ್ಕಿಂತ ದೊಡ್ಡ ವಿಷಯ ಫಾರ್ಮಲಿನ್, ಅಂದರೆ ಅಂಗಾಂಶ ಕೆಡದಂತೆ ಇಡುವ ದ್ರಾವಣ. ತುಣುಕನ್ನು ತೆಗೆದ ಒಂದು ಗಂಟೆಯೊಳಗೆ ಅದಕ್ಕೆ ಹಾಕಬೇಕು. ಕನಿಷ್ಠ 6 ಗಂಟೆ, ಗರಿಷ್ಠ 72 ಗಂಟೆ ಅದರಲ್ಲಿರಬೇಕು. ಇದು ತಪ್ಪಿದ ಅಂಗಾಂಶವನ್ನು ಎಷ್ಟು ದೊಡ್ಡ ಲ್ಯಾಬಿಗೆ ಕಳುಹಿಸಿದರೂ ಫಲಿತಾಂಶವನ್ನು ನೆಚ್ಚಿಕೊಳ್ಳುವುದು ಕಷ್ಟ. ಆ ಸಮಯ ವರದಿಯಲ್ಲಿದೆಯೇ ನೋಡಿ.

ಮದ್ದೂರಿನಿಂದ: ಪರೀಕ್ಷೆಯ ಹಣ ಉಳಿಸಿ ಹರ್‌2 ಪಾಸಿಟಿವ್ ಆದವರಿಗೆ ಕೊಡುವ ಟ್ರಾಸ್ಟುಜುಮ್ಯಾಬ್ ಔಷಧವನ್ನೇ ನೇರವಾಗಿ ಕೊಡಿಸಬಾರದೇ ಎಂದು ನಮ್ಮ ಮನೆಯಲ್ಲಿಯೂ ಚರ್ಚೆಯಾಗಿತ್ತು. ಆ ಔಷಧದಿಂದ ಹೃದಯದ ಶಕ್ತಿ ಕುಂದಬಹುದು, ಅದಕ್ಕಾಗಿ ನಡುನಡುವೆ ಎಕೋ (ಹೃದಯದ ಸ್ಕ್ಯಾನ್) ಮಾಡಿಸುತ್ತಿರಬೇಕು. ಜೀನ್ ಹೆಚ್ಚಿಲ್ಲದವರಿಗೆ ಅಪಾಯವಷ್ಟೇ ಉಳಿದೀತು ಎಂದು ವೈದ್ಯರು ತಿಳಿಸಿದ ಮೇಲೆ ಆ ಮಾತು ನಿಂತಿತು.

ಕುವೆಂಪುನಗರದಿಂದ ಮತ್ತೆ: ಫಿಶ್ ನೆಗೆಟಿವ್ ಬಂದರೂ ಮೊದಲಿನ 2 ಪ್ಲಸ್ ವರದಿಯನ್ನು ಎಸೆಯಬೇಡಿ. ಅಂಥವರನ್ನು ಈಗ ‘ಹರ್‌2 ಲೋ’ ಎಂದು ಕರೆಯುತ್ತಾರೆ. ಕಾಯಿಲೆ ದೇಹದ ಬೇರೆಡೆಗೆ ಹರಡಿದ ಸಂದರ್ಭದಲ್ಲಿ ಅಂಥ ಕೆಲವರಿಗೆ ಟ್ರಾಸ್ಟುಜುಮ್ಯಾಬ್ ಡೆರುಕ್ಸ್‌ಟೆಕಾನ್ ಎಂಬ ಔಷಧವನ್ನು 2022ರಿಂದ ಬಳಸಲಾಗುತ್ತಿದೆ.