ಕೌಬ್ ಗೇಜ್ 40 ಸೆಂ.ಮೀ. ಇದ್ದರೂ ರೈನ್ ನದಿಯಲ್ಲಿ ಹಡಗು ಹೋಗುವುದು ಹೇಗೆ? ಎಷ್ಟು ಸರಕು ತುಂಬಬಹುದು?

ಪ್ರಶ್ನೆ:
ಜರ್ಮನಿಯ ಕೌಬ್‌ನಲ್ಲಿ ರೈನ್ ನದಿಯ ಗೇಜ್ (ನೀರಿನ ಮಟ್ಟದ ಅಳತೆ) 2018ರ ಅಕ್ಟೋಬರಿನಲ್ಲಿ 25 ಸೆಂ.ಮೀ.ಗೆ ಇಳಿದಿತ್ತು. 40 ಸೆಂ.ಮೀ. ಇದ್ದಾಗಲೂ ಸರಕು ಹಡಗುಗಳು ಓಡಾಡುತ್ತವೆ ಎನ್ನುತ್ತಾರೆ. ಖಾಲಿ ಹಡಗೇ ಹೆಚ್ಚುಕಡಿಮೆ ಒಂದು ಮೀಟರ್ ಮುಳುಗುತ್ತದಲ್ಲ, ಇದು ಹೇಗೆ ಸಾಧ್ಯ? 110 ಮೀ. ಉದ್ದದ ಹಡಗಿಗೆ ಆಗ ಎಷ್ಟು ಟನ್ ತುಂಬಬಹುದು? ಲೆಕ್ಕ ಗೊತ್ತಿರುವವರು ತಿಳಿಸಿ.

ಉತ್ತರ 1:
ಗೇಜ್ ಅಂದರೆ ನದಿಯ ಆಳ ಅಲ್ಲ ಸರ್. ದಡದಲ್ಲಿ ನೆಟ್ಟ ಅಳತೆಪಟ್ಟಿಯ ಸೊನ್ನೆ ನದಿಯ ತಳದಲ್ಲಿ ಇರುವುದಿಲ್ಲ. ಕೌಬ್‌ನಲ್ಲಿ ಗೇಜ್ 78 ಇದ್ದಾಗ ಹಡಗಿನ ದಾರಿಯಲ್ಲಿ 190 ಸೆಂ.ಮೀ. ಆಳ ಸಿಗಬೇಕು ಎಂದು ನಿಗದಿ ಮಾಡಿದ್ದಾರೆ. ಹಾಗಾಗಿ ಗೇಜಿಗೆ 112 ಕೂಡಿಸಿ. 40 ಇದ್ದರೆ 152 ಸೆಂ.ಮೀ. ನೀರು.

ಇದರಲ್ಲಿ ಹಡಗಿನ ತಳದ ಕೆಳಗೆ 25 ರಿಂದ 30 ಸೆಂ.ಮೀ. ಬಿಡಲೇಬೇಕು. ಅಲ್ಲಿರುವುದು ಬಂಡೆ, ತಾಗಿದರೆ ತಗಡು ಸೀಳುತ್ತದೆ. ಉಳಿದದ್ದು ಸುಮಾರು 125 ಸೆಂ.ಮೀ. ಡ್ರಾಫ್ಟ್, ಅಂದರೆ ಹಡಗು ನೀರಿನಲ್ಲಿ ಮುಳುಗುವ ಆಳ. 110 ಮೀ. ಉದ್ದ, 11.4 ಮೀ. ಅಗಲದ ಹಡಗು ಒಂದು ಸೆಂ.ಮೀ. ಮುಳುಗಲು ಹತ್ತಿರಹತ್ತಿರ 11 ಟನ್ ಬೇಕು. ಖಾಲಿ ಡ್ರಾಫ್ಟ್ ಒಂದು ಮೀಟರ್ ಎಂದಿಟ್ಟುಕೊಂಡರೆ 25 × 11 = 275 ಟನ್. ಅದೇ ಹಡಗು 3.5 ಮೀ. ಡ್ರಾಫ್ಟಿನಲ್ಲಿ 2,750 ಟನ್ ಹೊರುತ್ತದೆ. ಹತ್ತರಲ್ಲಿ ಒಂದು ಪಾಲು ಸರಕು, ಸಿಬ್ಬಂದಿ ಖರ್ಚು ಮಾತ್ರ ಪೂರ್ತಿ ತುಂಬಿದಾಗ ಆಗುವಷ್ಟೇ. ಟನ್ನಿನ ಬಾಡಿಗೆ ಹಲವು ಪಟ್ಟು ಏರುವುದು ಇದರಿಂದಲೇ.

ಉತ್ತರ 2:
ಮೇಲಿನ ಲೆಕ್ಕ ಸರಿ, ಆದರೆ ಅದನ್ನು ಕೆಡಿಸುವ ಸಂಗತಿಗಳೂ ಇವೆ. ಮೊದಲನೆಯದು, ತುಂಬುವ ದಿನದ ಗೇಜ್ ನೋಡಿ ತುಂಬುವುದು. ರಾಟರ್‌ಡ್ಯಾಮ್‌ನಿಂದ ಕೌಬ್‌ಗೆ ಸುಮಾರು 450 ಕಿ.ಮೀ., ಅದೂ ಹರಿವಿನ ಎದುರು. ಹಡಗು ಅಲ್ಲಿ ಮುಟ್ಟುವ ದಿನದ ಮುನ್ಸೂಚನೆಯನ್ನೇ ಹಿಡಿಯಬೇಕು. ಇಳಿಯುತ್ತಿರುವ ನದಿಯಲ್ಲಿ 5 ಸೆಂ.ಮೀ. ತಪ್ಪಿದರೆ 55 ಟನ್ನನ್ನು ದಾರಿಯಲ್ಲಿ ಬೇರೆ ಹಡಗಿಗೆ ಇಳಿಸಬೇಕಾಗುತ್ತದೆ.

ಎರಡನೆಯದು, ಸರಕನ್ನೆಲ್ಲ ನಡುವೆ ಸುರಿಯುವುದು. ಉದ್ದ ಹಡಗು ಮಧ್ಯದಲ್ಲಿ ಜಗ್ಗುತ್ತದೆ. ಮುಂದೆ ಹಿಂದೆ ಮಾತ್ರ ಡ್ರಾಫ್ಟ್ ಓದಿದರೆ ಅದು ಗೊತ್ತೇ ಆಗುವುದಿಲ್ಲ. ಮುಂದೆ, ನಡುವೆ, ಹಿಂದೆ, ಎಡಬಲ ಸೇರಿ ಆರೂ ಗುರುತು ಓದಿ. ಸಮುದ್ರದ ಉಪ್ಪುನೀರಿನಲ್ಲಿ ತುಂಬಿದ್ದರೆ ಸಿಹಿನೀರಿಗೆ ಬಂದಾಗ ಡ್ರಾಫ್ಟ್ ಸುಮಾರು ನಲವತ್ತರಲ್ಲೊಂದು ಪಾಲು ಹೆಚ್ಚುತ್ತದೆ, ಎರಡು ಮೀಟರಿಗೆ 5 ಸೆಂ.ಮೀ.

ಇನ್ನು ವೇಗ. ಆಳವಿಲ್ಲದ ನೀರಿನಲ್ಲಿ ಓಡುವ ಹಡಗು ನದಿಯ ತಳದ ಕಡೆಗೆ ಕುಸಿಯುತ್ತದೆ. ವೇಗ ಅರ್ಧ ಮಾಡಿದರೆ ಕುಸಿತ ಹೆಚ್ಚುಕಡಿಮೆ ಕಾಲು ಭಾಗಕ್ಕೆ ಬರುತ್ತದೆ.

ಉತ್ತರ 3:
ಬಂದರಿನ ಕಡೆಯನ್ನೂ ನೋಡಬೇಕು. ಒಂದು ಹಡಗಿನ ಸರಕಿಗೆ ಮೂರು ಹಡಗು ಬೇಕಾದಾಗ ಬರ್ತ್ (ಹಡಗು ಕಟ್ಟುವ ಜಾಗ) ಕೇಳುವವರೂ ಮೂವರಾಗುತ್ತಾರೆ. ಕಂಟೇನರ್ ಟರ್ಮಿನಲ್‌ಗಳಲ್ಲಿ ಕ್ರೇನ್ ಮೊದಲು ಸಮುದ್ರದ ಹಡಗಿಗೆ. ನಾಲ್ಕೈದು ಟರ್ಮಿನಲ್ ಸುತ್ತಿ ಹತ್ತಿಪ್ಪತ್ತು ಕಂಟೇನರ್ ಎತ್ತುವ ಬಾರ್ಜ್ (ನದಿಯ ಸರಕು ಹಡಗು) ಒಂದು ಕಡೆ ಸರದಿ ತಪ್ಪಿಸಿಕೊಂಡರೆ ಮುಂದಿನ ಎಲ್ಲ ಸರದಿಯೂ ಹೋಯಿತು. ಸರಕನ್ನು ಒಂದೇ ಟರ್ಮಿನಲ್‌ಗೆ ಒಟ್ಟುಗೂಡಿಸಿ, ದೊಡ್ಡ ಗುಂಪಾಗಿ ಎತ್ತುವುದೇ ಕೆಲಸಕ್ಕೆ ಬರುವ ದಾರಿ.

ಹಡಗಿನ ವಿನ್ಯಾಸದಲ್ಲೂ ಪರಿಹಾರವಿದೆ. ಜರ್ಮನಿಯ ರಾಸಾಯನಿಕ ಕಂಪನಿ ಬಿಎಎಸ್‌ಎಫ್‌ಗಾಗಿ ಕಟ್ಟಿದ ಹಡಗು ಸ್ಟೋಲ್ಟ್ ಲುಡ್ವಿಗ್ಸ್‌ಹಾಫೆನ್ 135 ಮೀ. ಉದ್ದ, 17.5 ಮೀ. ಅಗಲ. ಗೇಜ್ 30 ಇದ್ದಾಗಲೂ 800 ಟನ್ ಹೊತ್ತು ಕೌಬ್ ದಾಟುವಂತೆ ರೂಪಿಸಿದ್ದು. ಅಗಲ ಹೆಚ್ಚಿದಷ್ಟೂ ಪ್ರತಿ ಸೆಂ.ಮೀ. ಮುಳುಗಡೆಗೆ ಹೆಚ್ಚು ಟನ್ ಸಿಗುತ್ತದೆ.

ಪ್ರಶ್ನೆ ಕೇಳಿದವರು:
ತುಂಬಾ ಉಪಯೋಗವಾಯಿತು. ಗಂಗೆಯ ರಾಷ್ಟ್ರೀಯ ಜಲಮಾರ್ಗ 1ಕ್ಕೂ ಹೀಗೆ ಒಂದು ಸಂಖ್ಯೆ ಕೂಡಿಸಿದರೆ ಆಳ ಸಿಗುತ್ತದೆಯೇ?

ಉತ್ತರ 2 ಬರೆದವರು:
ಇಲ್ಲ. ಕೌಬ್‌ನಲ್ಲಿ ತಳ ಬಂಡೆ, ಅದಕ್ಕೇ 112 ನಿಲ್ಲುತ್ತದೆ. ಗಂಗೆಯ ತಳ ಮರಳು ಮತ್ತು ಹೂಳು, ಪ್ರತಿ ಮಳೆಗಾಲ ಮುಗಿದಾಗ ಆಳದ ಕಾಲುವೆಯೇ ಜಾಗ ಬದಲಿಸಿರುತ್ತದೆ. ಹಲ್ದಿಯಾದಿಂದ ಬಾಢ್‌ವರೆಗೆ 3 ಮೀ., ಅಲ್ಲಿಂದ ಗಾಜಿಪುರಕ್ಕೆ 2.5 ಮೀ., ಮುಂದೆ ವಾರಾಣಸಿಗೆ 2.2 ಮೀ. ಎಂಬುದು ಜಲ ಮಾರ್ಗ ವಿಕಾಸ ಯೋಜನೆಯ ಗುರಿ. ಅದನ್ನು ಉಳಿಸಿಕೊಳ್ಳಲು ಹೂಳೆತ್ತುವುದರ ಜೊತೆಗೆ ಬಿದಿರಿನ ತಟ್ಟಿಗಳನ್ನು ಓರೆಯಾಗಿ ನೆಟ್ಟು ಹರಿವನ್ನು ಕಾಲುವೆಯತ್ತ ತಿರುಗಿಸುತ್ತಾರೆ, ನೀರೇ ಮರಳನ್ನು ಕೊರೆದು ಒಯ್ಯುತ್ತದೆ. ಹಾಗಾಗಿ ಅಲ್ಲಿ ಗೇಜ್ ನಂಬಿ ತುಂಬಬೇಡಿ. ಭಾರತೀಯ ಒಳನಾಡು ಜಲಮಾರ್ಗ ಪ್ರಾಧಿಕಾರ ಪ್ರಕಟಿಸುವ ಇತ್ತೀಚಿನ ಆಳದ ಸಮೀಕ್ಷೆ ತೆಗೆದು, ನಿಮ್ಮ ದಾರಿಯಲ್ಲಿ ಎಲ್ಲಕ್ಕಿಂತ ಕಡಿಮೆ ಆಳ ಇರುವ ಜಾಗಕ್ಕೆ ತಕ್ಕಂತೆ ತುಂಬಿ.